ಸಮಾಜದ ಮತಕ್ಕೆ ನೀವು ಮಾತು ಕೊಡಬೇಡಿ

ಮುಂಬಯಿಯ ಕನ್ನಡ ಹಾಗೂ ತುಳು ಸಂಘ-ಸಂಸ್ಥೆಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಸಮಾಜದ ಹಿರಿಯರಿಗೆ ಬಹಿರಂಗ ಪತ್ರ

ಮಾನ್ಯರೇ,

2026ರ ಜನವರಿ 15ರ ಗುರುವಾರ ಮುಂಬಯಿ ಮಹಾನಗರಪಾಲಿಕೆಗೆ ಮತದಾನ. ಮರುದಿನವೇ ಎಣಿಕೆ. 13ರ ಸಂಜೆ ಪ್ರಚಾರ ಮುಗಿಯುವುದರೊಳಗೆ ನಿಮ್ಮ ಸಭಾಗೃಹಗಳಿಗೆ ಅಭ್ಯರ್ಥಿಗಳು ಬರುತ್ತಾರೆ. ಕೆಲವು ಕಡೆ ಆಗಲೇ ಬಂದು ಹೋಗಿದ್ದಾರೆ. ನೀವು ಶಾಲು ಹೊದಿಸುತ್ತೀರಿ, ಪೇಟ ತೊಡಿಸುತ್ತೀರಿ, ಹಣ್ಣಿನ ಬುಟ್ಟಿ ಕೊಡುತ್ತೀರಿ. ಆಮೇಲೆ ಮೈಕ್ ಹಿಡಿದು, "ನಮ್ಮ ಸಮಾಜದ ಸಂಪೂರ್ಣ ಬೆಂಬಲ ನಿಮಗಿದೆ" ಎನ್ನುತ್ತೀರಿ. ಆ ಒಂದು ಮಾತನ್ನು ಈ ಸಲ ಆಡಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಸಂಘಗಳ ಬಗ್ಗೆ ನನಗೆ ಅಸಮಾಧಾನವಿಲ್ಲ, ಋಣವಿದೆ. ಹಗಲಲ್ಲಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರ ಮನೆಯಿಂದ ಬಂದವಳು ನಾನು. ಆ ರಾತ್ರಿ ಶಾಲೆಗಳನ್ನು ನಡೆಸಿದವರು, ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರಿಗೆ ಮಲಗಲು ಜಾಗ ಹುಡುಕಿಕೊಟ್ಟವರು, ಹೆಣ ಊರಿಗೆ ಕಳಿಸಲು ರಾತ್ರೋರಾತ್ರಿ ಹಣ ಕೂಡಿಸಿದವರು ನಿಮ್ಮ ಹಿಂದಿನ ತಲೆಮಾರಿನ ಪದಾಧಿಕಾರಿಗಳು. ಆ ಕಾರಣಕ್ಕೇ ನಿಮ್ಮ ಮಾತಿಗೆ ಇಂದಿಗೂ ತೂಕವಿದೆ. ಅಭ್ಯರ್ಥಿಗಳು ನಿಮ್ಮ ಬಾಗಿಲಿಗೆ ಬರುವುದೂ ಆ ತೂಕವನ್ನು ನೋಡಿಯೇ. ಅದನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಚುನಾವಣೆ ನಡೆಯಬೇಕಾಗಿದ್ದುದು 2022ರ ಆರಂಭದಲ್ಲಿ. 2017ರ ಫೆಬ್ರವರಿ 21ರಂದು ನಾವು ಆರಿಸಿದ ಪಾಲಿಕೆಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿಯಿತು. ಅಂದಿನಿಂದ ಇಂದಿನವರೆಗೆ, ನಾಲ್ಕು ವರ್ಷಕ್ಕೆ ಎರಡು ತಿಂಗಳು ಕಡಿಮೆ, ಈ ನಗರಕ್ಕೆ ಒಬ್ಬ ನಗರಸೇವಕನೂ (ಕಾರ್ಪೊರೇಟರ್) ಇಲ್ಲ. 227 ವಾರ್ಡು, ಒಂದು ಕೋಟಿಗೂ ಹೆಚ್ಚು ಮತದಾರರು, ಆದರೆ ಚುನಾಯಿತ ಪ್ರತಿನಿಧಿಗಳ ಲೆಕ್ಕ ಸೊನ್ನೆ. ಸಂವಿಧಾನದ 243ಯು ವಿಧಿಯ ಪ್ರಕಾರ ನಗರಸಭೆಯ ಅವಧಿ ಐದೇ ವರ್ಷ. ಅದು ಮುಗಿಯುವ ಮುನ್ನ ಹೊಸ ಚುನಾವಣೆ ಮುಗಿದಿರಬೇಕು. ದೇಶದ ಅತಿ ಶ್ರೀಮಂತ ಪಾಲಿಕೆಯಲ್ಲೇ ಆ ವಿಧಿಯನ್ನು ಬದಿಗಿಟ್ಟರು. ನಮ್ಮ ಯಾವ ವೇದಿಕೆಯಲ್ಲೂ, ಯಾವ ವಾರ್ಷಿಕೋತ್ಸವದಲ್ಲೂ ಇದರ ಬಗ್ಗೆ ಒಂದು ಠರಾವು ಆದದ್ದನ್ನು ನಾನು ಕೇಳಲಿಲ್ಲ.

ಹೀಗೇಕಾಯಿತು ಎಂಬುದನ್ನು ಒಮ್ಮೆ ಸರಿಯಾಗಿ ನೆನಪಿಸಿಕೊಳ್ಳೋಣ. ಈಗ ವೇದಿಕೆಗೆ ಬರುವ ಪ್ರತಿಯೊಬ್ಬರೂ ಬೆರಳನ್ನು ಎದುರು ಪಕ್ಷದ ಕಡೆಗೇ ತೋರಿಸುತ್ತಾರೆ. ಹಿಂದುಳಿದ ವರ್ಗಗಳ ಮೀಸಲಾತಿಗೆ ಮೊದಲು ಆಯೋಗ ರಚಿಸಿ, ಅಂಕಿಅಂಶ ಕಲೆಹಾಕಿ, ಒಟ್ಟು ಮೀಸಲಾತಿ ಶೇಕಡಾ 50 ದಾಟದಂತೆ ನೋಡಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟು 2021ರ ಮಾರ್ಚಿನಲ್ಲಿ ಹೇಳಿತು. ಆಗ ಅಧಿಕಾರದಲ್ಲಿದ್ದುದು ಉದ್ಧವ್ ಠಾಕ್ರೆ ಅವರ ಮಹಾವಿಕಾಸ ಆಘಾಡಿ ಸರ್ಕಾರ. ಅಂಕಿಅಂಶದ ಕೆಲಸ ಸಮಯಕ್ಕೆ ಮುಗಿಯಲಿಲ್ಲ. ಬದಲಿಗೆ ಆ ವರ್ಷದ ಕೊನೆಗೆ ವಾರ್ಡುಗಳ ಸಂಖ್ಯೆಯನ್ನು 227ರಿಂದ 236ಕ್ಕೆ ಏರಿಸಿದರು. 2022ರ ಮಾರ್ಚಿನಲ್ಲಿ, ಅಂದರೆ ಪಾಲಿಕೆಯ ಅವಧಿ ಮುಗಿದ ತಿಂಗಳಲ್ಲೇ, ವಾರ್ಡು ರಚನೆಯ ಅಧಿಕಾರವನ್ನು ಚುನಾವಣಾ ಆಯೋಗದಿಂದ ರಾಜ್ಯ ಸರ್ಕಾರಕ್ಕೆ ತರುವ ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು. ದಯವಿಟ್ಟು ಗಮನಿಸಿ, ಅದು ಪಾಸಾದದ್ದು ಒಮ್ಮತದಿಂದ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಕೈ ಎತ್ತಿದವು.

ಜೂನಿನಲ್ಲಿ ಏಕನಾಥ ಶಿಂದೆ ಶಾಸಕರನ್ನು ಕಟ್ಟಿಕೊಂಡು ಹೊರನಡೆದರು, ಸರ್ಕಾರ ಬಿತ್ತು. ಹೊಸ ಸರ್ಕಾರ ಆಗಸ್ಟಿನಲ್ಲಿ 236ನ್ನು ಮತ್ತೆ 227ಕ್ಕೆ ಇಳಿಸಿತು. ಅಷ್ಟರಲ್ಲಿ ಹಿಂದುಳಿದ ವರ್ಗಗಳ ಅಂಕಿಅಂಶಕ್ಕೆಂದು ರಚಿಸಿದ್ದ ಬಾಂಠಿಯಾ ಆಯೋಗದ ವರದಿ ಬಂದಿತ್ತು, ಕೋರ್ಟು ಜುಲೈಯಲ್ಲೇ ಚುನಾವಣೆಗೆ ದಾರಿ ಮಾಡಿಕೊಟ್ಟಿತ್ತು. ವಾರ್ಡುಗಳ ಜಗಳ ಮತ್ತೆ ಕೋರ್ಟು ಹತ್ತಿತು, ಯಥಾಸ್ಥಿತಿಯ ಆದೇಶ ಬಂತು, ತಾರೀಖಿನ ಮೇಲೆ ತಾರೀಖು ಬಿದ್ದವು. ಶಿವಸೇನೆಯ ಹೆಸರೂ ಬಿಲ್ಲುಬಾಣದ ಚಿಹ್ನೆಯೂ ಶಿಂದೆಯವರ ಪಾಲಾದದ್ದು 2023ರ ಫೆಬ್ರವರಿಯಲ್ಲಿ. ಆ ಜುಲೈಯಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ ಒಡೆಯಿತು. ಲೋಕಸಭೆಗೆ ಚುನಾವಣೆ ನಡೆಯಿತು, ವಿಧಾನಸಭೆಗೆ ನಡೆಯಿತು, ಪಾಲಿಕೆಗೆ ಮಾತ್ರ ನಡೆಯಲಿಲ್ಲ. ಕೊನೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟು ನಾಲ್ಕು ತಿಂಗಳೊಳಗೆ ಮುಗಿಸಿ ಎಂದಿತು. ಅದೂ ಆಗದೆ ಸೆಪ್ಟೆಂಬರಿನಲ್ಲಿ 2026ರ ಜನವರಿ 31ರ ಅಂತಿಮ ಗಡುವು ಹಾಕಿತು. ನಾವೀಗ ಮತ ಹಾಕುತ್ತಿರುವುದು ಆ ಗಡುವಿನ ದಯೆಯಿಂದ. ಒಡೆದ ಪಕ್ಷಗಳಿಗೆ ತಮ್ಮ ಬಲ ಎಷ್ಟೆಂದು ಖಚಿತವಾಗುವವರೆಗೆ ಮುಂಬಯಿಯ ಮತದಾರನನ್ನು ಎದುರಿಸುವ ಅವಸರ ಯಾರಿಗೂ ಇರಲಿಲ್ಲ ಎಂಬುದೇ ನಾನು ಕಂಡುಕೊಂಡ ಕಾರಣ.

ಈ ಅವಧಿಯಲ್ಲಿ ಪಾಲಿಕೆಯೊಳಗೆ ಏನು ನಡೆಯಿತು? ಸುಮಾರು ನಾಲ್ಕು ದಶಕಗಳ ನಂತರ ಮೊದಲ ಬಾರಿಗೆ ಆಡಳಿತಾಧಿಕಾರಿಯ ಕೈಗೆ ಎಲ್ಲವೂ ಹೋಯಿತು. ಆಯುಕ್ತರೇ ಆಡಳಿತಾಧಿಕಾರಿ. ಅವರೇ ಬಜೆಟ್ ಮಂಡಿಸಿ ಅವರೇ ಮಂಜೂರು ಮಾಡುವ ವ್ಯವಸ್ಥೆ. ಅವರು ಉತ್ತರ ಕೊಡಬೇಕಾಗಿದ್ದುದು ಅವರನ್ನು ನೇಮಿಸಿದ ರಾಜ್ಯ ಸರ್ಕಾರಕ್ಕೆ, ನಮಗಲ್ಲ. 2022ರ ಡಿಸೆಂಬರಿನಲ್ಲಿ ಶಿವಸೇನೆಯ ಎರಡು ಬಣಗಳ ಕಾರ್ಯಕರ್ತರು ಪಾಲಿಕೆಯ ಮುಖ್ಯ ಕಚೇರಿಯೊಳಗೇ ಜಟಾಪಟಿಗೆ ಇಳಿದರು. ಆಮೇಲೆ ಎಲ್ಲ ಪಕ್ಷಗಳ ಕಚೇರಿಗಳಿಗೂ ಬೀಗಮುದ್ರೆ ಬಿತ್ತು. ಮರುವರ್ಷ ಅದೇ ಕಟ್ಟಡದಲ್ಲಿ ಉಪನಗರ ಜಿಲ್ಲೆಯ ಉಸ್ತುವಾರಿ ಸಚಿವರಿಗೆ ಕೊಠಡಿ ಸಿಕ್ಕಿತು. ವಾರ್ಡಿನ ಕೆಲಸಗಳ ಹಣ ಶಾಸಕರ ಶಿಫಾರಸಿನ ಮೇಲೆ, ಉಸ್ತುವಾರಿ ಸಚಿವರ ಒಪ್ಪಿಗೆಯಿಂದ ಹಂಚಿಕೆಯಾಗತೊಡಗಿತು. ಆ ಹಣ ಆಡಳಿತ ಪಕ್ಷದ ಶಾಸಕರ ಕ್ಷೇತ್ರಗಳಿಗೆ ಹರಿಯಿತು, ವಿರೋಧ ಪಕ್ಷದವರು ಬರಿಗೈಯಲ್ಲಿ ಕುಳಿತರು ಎಂದು ಪತ್ರಿಕೆಗಳು ಬರೆದವು. ವಿರೋಧ ಪಕ್ಷದ ಶಾಸಕನ ಕ್ಷೇತ್ರದಲ್ಲಿ ಇದ್ದೇವೆ ಎಂಬ ಕಾರಣಕ್ಕೆ ನಮ್ಮ ಗಟಾರ ಕಟ್ಟಿಕೊಂಡರೆ ಅದನ್ನು ಯಾರ ಮುಂದೆ ಹೇಳಬೇಕು?

ಗಟಾರ ಎಂದೆ, ನೀರಿನ ವಿಷಯವನ್ನೇ ಹೇಳುತ್ತೇನೆ. ನಾನಿರುವುದು ಪೂರ್ವ ಉಪನಗರದ ಒಂದು ಹಳೆಯ ಚಾಳಿನಲ್ಲಿ. ಬೆಳಗಿನ ಜಾವ ನೀರು ಬಿಡುತ್ತಾರೆ. ಒಂದು ಮಳೆಗಾಲದಲ್ಲಿ ನಳದಿಂದ ಮೊದಲ ಎರಡು ಬಕೆಟ್ ಕಂದು ಬಣ್ಣದ, ಮೂಗಿಗೆ ಹಿಡಿಸದ ನೀರು ಬರತೊಡಗಿತು. ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ಮೊದಲೆಲ್ಲ ಇಂಥದ್ದು ಆದಾಗ ನಾಲ್ಕು ಹೆಂಗಸರು ಒಂದು ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ನೇರ ನಗರಸೇವಕಿಯ ಕಚೇರಿಗೆ ಹೋಗುತ್ತಿದ್ದರು. ಮೇಜಿನ ಮೇಲೆ ಬಾಟಲಿ ಇಟ್ಟರೆ ಆಕೆ ಫೋನ್ ಎತ್ತಲೇಬೇಕಿತ್ತು, ಏಕೆಂದರೆ ಮುಂದಿನ ಚುನಾವಣೆಯಲ್ಲಿ ಇದೇ ಮೆಟ್ಟಿಲು ಹತ್ತಿ ಮತ ಕೇಳಬೇಕು. ಈ ಸಲ ಬಾಟಲಿ ಹಿಡಿದುಕೊಂಡು ಹೋಗಲು ಜಾಗವಿರಲಿಲ್ಲ. ಮೊಬೈಲಿನಲ್ಲಿ ದೂರು ದಾಖಲಿಸಿದೆವು. ಯಾರೂ ಬಂದು ಪೈಪ್ ನೋಡಲಿಲ್ಲ, ಆದರೆ ದೂರು ಬಗೆಹರಿದಿದೆ ಎಂಬ ಸಂದೇಶ ಬಂತು. ಕಚೇರಿಗೆ ಹೋದಾಗ ಅಲ್ಲಿದ್ದ ಎಂಜಿನಿಯರು ಕೆಟ್ಟ ಮನುಷ್ಯನಾಗಿರಲಿಲ್ಲ. ಅವನ ಮೇಜಿನ ಮೇಲೆ ಇನ್ನೂ ಹತ್ತಾರು ಚಾಳುಗಳ ಅರ್ಜಿ ಇತ್ತು, ಯಾವುದು ಮೊದಲು ಎಂದು ಹೇಳುವ ಅಧಿಕಾರ ಅವನಿಗಿರಲಿಲ್ಲ. ಕೊನೆಗೆ ಚಾಳಿನವರೇ ವರ್ಗಣಿ ಹಾಕಿ ಪ್ಲಂಬರ್ ಕರೆಸಿದೆವು. ನಗರಸೇವಕರೆಲ್ಲ ಪ್ರಾಮಾಣಿಕರೆಂದು ನಾನು ಹೇಳುವುದಿಲ್ಲ, ಟೆಂಡರುಗಳ ಕಮಿಷನ್ ಕಥೆ ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಬಾಗಿಲು ತಟ್ಟಬಹುದಾದ ಒಂದು ಮನೆ ವಾರ್ಡಿನಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಚಾಳಿನ ಹೆಂಗಸರಿಗೆ ಗೊತ್ತು.

ಹಣದ ವಿಷಯ ಕೇಳಿ. 2025-26ರ ಪಾಲಿಕೆಯ ಬಜೆಟ್ 74,427 ಕೋಟಿ ರೂಪಾಯಿ. ಗೋವಾ ರಾಜ್ಯದ ಇಡೀ ಬಜೆಟ್ಟಿನ ಎರಡು ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ಮೊತ್ತದ ಒಂದೊಂದು ಬಾಬಿನ ಬಗ್ಗೆಯೂ ಎದ್ದು ನಿಂತು ಪ್ರಶ್ನೆ ಕೇಳಲು ಸಭೆಯೇ ಇರಲಿಲ್ಲ. ಸುಮಾರು 700 ಕಿಲೋಮೀಟರ್ ರಸ್ತೆಗೆ ಕಾಂಕ್ರೀಟ್ ಹಾಕುವ, ಸಾವಿರಾರು ಕೋಟಿಯ ಯೋಜನೆ ಶುರುವಾದದ್ದೂ ಮುಂದುವರಿದದ್ದೂ ಈ ಅವಧಿಯಲ್ಲೇ. ಅದರಲ್ಲಿ ಹಗರಣವಿದೆ ಎಂದು ಉದ್ಧವ್ ಅವರ ಮಗ ಆದಿತ್ಯ ಠಾಕ್ರೆ ಆರೋಪಿಸಿದರು. ಉದ್ಧವ್ ಸೇನೆಯ ಕಾಲದ ವ್ಯವಹಾರಗಳನ್ನು ಸರ್ಕಾರ ಅದಕ್ಕೂ ಮೊದಲೇ, 2022ರ ಅಕ್ಟೋಬರಿನಲ್ಲಿ, ತನಿಖೆಗಾಗಿ ಮಹಾಲೇಖಪಾಲರಿಗೆ (ಸಿಎಜಿ) ಒಪ್ಪಿಸಿತ್ತು. ಸುಮಾರು 12,000 ಕೋಟಿಯ ಕೆಲಸಗಳಲ್ಲಿ ಪಾರದರ್ಶಕತೆಯ ಕೊರತೆ, ಟೆಂಡರ್ ಇಲ್ಲದೆ ಕೊಟ್ಟ ಕಾಮಗಾರಿಗಳನ್ನು ಆ ವರದಿ 2023ರ ಮಾರ್ಚಿನಲ್ಲಿ ಎತ್ತಿ ತೋರಿಸಿತು. ಮಿಠಿ ನದಿಯ ಹೂಳು ತೆಗೆಯುವ ಕಾಮಗಾರಿಯಲ್ಲಿ 65 ಕೋಟಿ ರೂಪಾಯಿ ಮೋಸವಾಗಿದೆ ಎಂದು 2025ರ ಮೇಯಲ್ಲಿ ಪೊಲೀಸರು ಪ್ರಕರಣ ದಾಖಲಿಸಿದರು. ಮಿಠಿ ಉಕ್ಕಿದರೆ ಮೊದಲು ಮುಳುಗುವುದು ಕುರ್ಲಾ. ಅಲ್ಲಿ ನಮ್ಮವರ ಮನೆಗಳೆಷ್ಟು, ಹೋಟೆಲುಗಳೆಷ್ಟು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಪ್ರಚಾರದ ಭಾಷಣಗಳಲ್ಲಿ ಕೇಳಿಬರುತ್ತಿರುವ ಮಾತೇ ಬೇರೆ. ಬಿಜೆಪಿ 137 ಮತ್ತು ಶಿಂದೆ ಸೇನೆ 90 ಸ್ಥಾನ ಹಂಚಿಕೊಂಡಿವೆ. ರಾಷ್ಟ್ರವಾದಿ ಕಾಂಗ್ರೆಸ್ಸಿನ ಅಜಿತ್ ಪವಾರ್ ಬಣ ಸರ್ಕಾರದಲ್ಲಿ ಅವರ ಜೊತೆಗಿದ್ದೂ ಮುಂಬಯಿಯಲ್ಲಿ ಬೇರೆಯೇ ನಿಂತಿದೆ. ಆ ಕಡೆ ಉದ್ಧವ್ ಮತ್ತು ರಾಜ್ ಠಾಕ್ರೆ, ಇಪ್ಪತ್ತು ವರ್ಷಗಳ ವೈಮನಸ್ಸಿನ ನಂತರ, ಡಿಸೆಂಬರ್ 24ರಂದು ಮೈತ್ರಿ ಘೋಷಿಸಿದರು. ಕಾಂಗ್ರೆಸ್ ಅವರನ್ನು ಬಿಟ್ಟು ವಂಚಿತ ಬಹುಜನ ಆಘಾಡಿಯ ಕೈ ಹಿಡಿದಿದೆ. ವಿಧಾನಸಭೆಯಲ್ಲಿ ಒಟ್ಟಿಗಿದ್ದವರು ಇಲ್ಲಿ ಎದುರುಬದುರು, ಅಲ್ಲಿ ಬೈದುಕೊಂಡವರು ಇಲ್ಲಿ ಒಂದೇ ವೇದಿಕೆಯಲ್ಲಿ. 2017ರಲ್ಲಿ ಶಿವಸೇನೆಗೆ 84, ಬಿಜೆಪಿಗೆ 82 ಸಿಕ್ಕಿತ್ತು. ಎರಡೇ ಸ್ಥಾನದ ಆ ಅಂತರ ಎಂಟು ವರ್ಷಗಳಿಂದ ಇಬ್ಬರಿಗೂ ನಿದ್ದೆ ಕೊಟ್ಟಿಲ್ಲ. ಈಗ ನಡೆಯುತ್ತಿರುವುದು ಆ ಲೆಕ್ಕ ಚುಕ್ತಾ ಮಾಡುವ ಚುನಾವಣೆ. ನಮ್ಮ ನಳ, ಗಟಾರ, ಶಾಲೆ ಆ ಲೆಕ್ಕದ ಯಾವ ಅಂಕಣದಲ್ಲೂ ಇಲ್ಲ.

ಠಾಕ್ರೆ ಸೋದರರನ್ನು ಒಂದು ಮಾಡಿದ್ದು ಭಾಷೆ. ಒಂದನೇ ತರಗತಿಯಿಂದ ಹಿಂದಿಯನ್ನು ಮೂರನೇ ಭಾಷೆಯಾಗಿ ತರುವ ಆದೇಶವನ್ನು ಸರ್ಕಾರ 2025ರ ಜೂನ್ ಕೊನೆಗೆ ಹಿಂಪಡೆಯಿತು. ಜುಲೈ 5ರಂದು ವರ್ಲಿಯಲ್ಲಿ ಇಬ್ಬರೂ ಒಟ್ಟಿಗೆ ವೇದಿಕೆ ಏರಿದರು. ಹಿಂದಿ ಹೇರಿಕೆಯ ಸಂಕಟ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ, ಮರಾಠಿಗರ ಆ ನೋವು ನ್ಯಾಯವಾದದ್ದೇ. ಮರಾಠಿ ನಮ್ಮ ಮಾರುಕಟ್ಟೆಯ ಭಾಷೆ, ನೆರೆಮನೆಯ ಭಾಷೆ, ನಮ್ಮ ಎಷ್ಟೋ ಸೊಸೆಯಂದಿರ ತಾಯ್ನುಡಿ. ಈ ನೆಲದಲ್ಲಿ ಅದಕ್ಕೆ ಮೊದಲ ಮಣೆ ಸಲ್ಲಬೇಕು. ಹಾಗೆಂದು ಭಾಷೆಯ ಹೆಸರಿನಲ್ಲಿ ಅಂಗಡಿಯವನ ಕೆನ್ನೆಗೆ ಹೊಡೆಯುವುದನ್ನು ಒಪ್ಪಲಾಗದು. 1960ರ ದಶಕದ ಕೊನೆಯ ವರ್ಷಗಳಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದ ದಿನಗಳನ್ನು, 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಹೆಸರಿನಲ್ಲಿ ನಗರ ಹೊತ್ತಿ ಉರಿದದ್ದನ್ನು ನಮ್ಮ ಹಿರಿಯರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಗಲ್ಲಾಪೆಟ್ಟಿಗೆ ಹಿಂದೆ ಕುಳಿತವನು ಎಲ್ಲ ಪಕ್ಷಗಳಿಗೂ ಚಂದಾ ಕೊಟ್ಟು ಎಲ್ಲರಿಗೂ ಕೈ ಮುಗಿಯುವ ಅಭ್ಯಾಸ ಆ ಭಯದಿಂದ ಬಂತು. ಸಂಘದ ವೇದಿಕೆಯಲ್ಲಿ ಬೆಂಬಲ ಘೋಷಿಸುವ ಪದ್ಧತಿಯ ಬೇರೂ ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ಅದು ಆ ಕಾಲದ ರಕ್ಷಣೆಯ ಉಪಾಯವಾಗಿತ್ತು. ಇಂದು ಶೆಟ್ಟಿ, ಪೂಜಾರಿ, ಗೌಡ ಎಂಬ ಹೆಸರಿನವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ರಕ್ಷಣೆಗಾಗಿ ನಮ್ಮ ಮತವನ್ನು ಒತ್ತೆ ಇಡಬೇಕಾದ ಸ್ಥಿತಿ ಈಗಿಲ್ಲ.

ಅದೇ ಕಾಲದಲ್ಲಿ ಮಂಗಳೂರಿನಿಂದ ಬಂದ ಒಬ್ಬ ಯುವಕ ಬೇರೆ ದಾರಿ ತೋರಿಸಿದ್ದೂ ಉಂಟು. ಜಾರ್ಜ್ ಫೆರ್ನಾಂಡಿಸ್ 1961ರಲ್ಲಿ ಈ ಪಾಲಿಕೆಗೆ ಆರಿಸಿಬಂದರು. ಅವರ ಹಿಂದೆ ನಿಂತವರು ಹೋಟೆಲ್ ಕಾರ್ಮಿಕರು, ಟ್ಯಾಕ್ಸಿ ಚಾಲಕರು, ಪಾಲಿಕೆಯ ನೌಕರರು. ಮರಾಠಿ, ತುಳು, ಕೊಂಕಣಿ, ಹಿಂದಿ ಎಲ್ಲವನ್ನೂ ಮಾತಾಡುವವರು. 1967ರಲ್ಲಿ ಅವರು ಕಾಂಗ್ರೆಸ್ಸಿನ ಸ.ಕಾ. ಪಾಟೀಲರಂಥ ಘಟಾನುಘಟಿಯನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದಾಗ ಯಾವ ಸಮಾಜದ ಬೆಂಬಲ ಪತ್ರವೂ ಅವರ ಜೇಬಿನಲ್ಲಿರಲಿಲ್ಲ.

ಮೇಯರ್ ಯಾರಾಗಬೇಕು ಎಂಬುದರ ಸುತ್ತ ಈಗ ದೊಡ್ಡ ಗದ್ದಲ. ಮುಂಬಯಿಯ ಮೇಯರ್ ಎರಡೂವರೆ ವರ್ಷದ ಗೌರವದ ಹುದ್ದೆ. ಆಡಳಿತದ ಅಧಿಕಾರ 1888ರ ಕಾಯ್ದೆಯ ಪ್ರಕಾರ ಆಯುಕ್ತರದ್ದು. ಖರ್ಚಿನ ಕೀಲಿಕೈ ಸ್ಥಾಯಿ ಸಮಿತಿಯ ಬಳಿ. ಮೇಯರ್ ಯಾವ ಭಾಷೆಯವರು ಎಂದು ಕೇಳುವುದಕ್ಕಿಂತ, ಸ್ಥಾಯಿ ಸಮಿತಿಗೆ ನಿಮ್ಮ ಪಕ್ಷ ಯಾರನ್ನು ಕಳಿಸುತ್ತದೆ, ಶಿಕ್ಷಣ ಸಮಿತಿಗೆ ಯಾರನ್ನು, ನಗರದ ಬಸ್ಸುಗಳನ್ನು ಓಡಿಸುವ ಬೆಸ್ಟ್ ಸಮಿತಿಗೆ ಯಾರನ್ನು ಎಂದು ನಮ್ಮ ವೇದಿಕೆಯಲ್ಲಿ ಕೇಳಿದರೆ ಅಭ್ಯರ್ಥಿಗೆ ತನ್ನ ಎದುರು ಕುಳಿತವರು ಏನೂ ಅರಿಯದವರಲ್ಲ ಎಂದು ತಿಳಿಯುತ್ತದೆ.

ಶಿಕ್ಷಣ ಸಮಿತಿ ಎಂದಾಗ ನಮ್ಮದೇ ವಿಷಯ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಬೇರೆ ರಾಜ್ಯದ ಭಾಷೆಗಳಿಗೆ ಒಂದು ಪಾಲಿಕೆ ಇಷ್ಟು ಜಾಗ ಕೊಟ್ಟಿರುವುದು ದೊಡ್ಡತನ, ಅದನ್ನು ಮರೆಯಬಾರದು. ಆದರೆ ಕನ್ನಡ ಮಾಧ್ಯಮದ ತರಗತಿಗಳು ವರ್ಷದಿಂದ ವರ್ಷಕ್ಕೆ ಸೊರಗಿವೆ. ಮಕ್ಕಳಿಲ್ಲ ಎಂದು ಶಿಕ್ಷಕರ ಹುದ್ದೆ ತುಂಬುವುದಿಲ್ಲ, ಶಿಕ್ಷಕರಿಲ್ಲ ಎಂದು ಪಾಲಕರು ಮಕ್ಕಳನ್ನು ಕಳಿಸುವುದಿಲ್ಲ. ಉಳಿದ ತರಗತಿಗಳಲ್ಲಿ ಕುಳಿತಿರುವ ಮಕ್ಕಳು ಯಾರವರು? ಹೋಟೆಲ್ ಮಾಲೀಕರ ಮಕ್ಕಳಂತೂ ಅಲ್ಲ. ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು.

ಆ ಕುಟುಂಬಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಿಮ್ಮ ವೇದಿಕೆಯಿಂದ ಹೊರಡುವ "ಕನ್ನಡಿಗರ ಮತ" ಎಂಬ ಲೆಕ್ಕದಲ್ಲಿ ಅವರನ್ನೂ ಸೇರಿಸುತ್ತೀರಿ. ಬೆಳಿಗ್ಗೆ ಎಂಟರ ಹೊತ್ತಿಗೆ ದಿನಗೂಲಿಯವರು ಕೆಲಸಕ್ಕಾಗಿ ಕಾಯುವ ಯಾವುದಾದರೂ ಕೂಲಿ ನಾಕಾಕ್ಕೆ ಬಂದು ನೋಡಿ. ಗಂಡಸರು ಕರಣೆ, ಗಮೇಲಾ ಹಿಡಿದು ನಿಂತಿರುತ್ತಾರೆ. ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ರೊಟ್ಟಿಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಒಂಬತ್ತೂವರೆಗೆ ಗುತ್ತಿಗೆದಾರ ಬರದಿದ್ದರೆ ಆ ದಿನ ಕೂಲಿ ಇಲ್ಲ. ಅಲ್ಲಿ ಒಬ್ಬಾಕೆಯನ್ನು ಮತದ ಬಗ್ಗೆ ಕೇಳಿದೆ. "ಓಟಿನ ಚೀಟಿ ಊರಾಗ ಐತ್ರಿ, ಹೊಟ್ಟಿ ಇಲ್ಲಿ ಐತ್ರಿ" ಎಂದಳು. ಅವಳು ಮುಂಬಯಿಗೆ ಬಂದು ಮಗಳ ಮದುವೆಯನ್ನೂ ಇಲ್ಲೇ ಮಾಡಿದ್ದಾಳೆ. ಅವಳಿರುವ ಗುಡ್ಡದ ಝೋಪಡಿಗೆ ಮಳೆಗಾಲದಲ್ಲಿ ಮಣ್ಣು ಕುಸಿಯುವ ಭಯ. ಶೌಚಾಲಯಕ್ಕೆ ಸಾಲು, ನೀರಿಗೆ ಡಬ್ಬದ ಲೆಕ್ಕದಲ್ಲಿ ದುಡ್ಡು. ಪಾಲಿಕೆಯ ಅಗತ್ಯ ನಮ್ಮೆಲ್ಲರಿಗಿಂತ ಹೆಚ್ಚು ಇರುವುದು ಅವಳಿಗೆ, ಆದರೆ ಪಾಲಿಕೆಯ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಈ ಚುನಾವಣೆಗೆ ಬಳಸುತ್ತಿರುವುದು 2025ರ ಜುಲೈ 1ರ ಮತದಾರರ ಪಟ್ಟಿ. ಇನ್ನು ಹೆಸರು ಸೇರಿಸಲು ಬರುವುದಿಲ್ಲ. ನವೆಂಬರಿನಲ್ಲಿ ಕರಡು ಪಟ್ಟಿ ಬಂದಾಗ ಅದರಲ್ಲಿ ಸುಮಾರು 11 ಲಕ್ಷ ನಮೂದುಗಳು ಒಂದಕ್ಕಿಂತ ಹೆಚ್ಚು ಕಡೆ ಇದ್ದವು ಎಂದು ಗದ್ದಲವಾಯಿತು. ಆ ಹೊತ್ತಿನಲ್ಲಿ ನಮ್ಮ ಸಂಘಗಳು ಒಂದೊಂದು ನಾಕಾದಲ್ಲಿ ಒಂದೊಂದು ಮೇಜು ಹಾಕಿ, ಈ ಜನರ ಹೆಸರು ಎಲ್ಲಿದೆ, ಎಲ್ಲಿಲ್ಲ ಎಂದು ನೋಡಿಕೊಟ್ಟಿದ್ದರೆ, ಮುಂದಿನ ಪಟ್ಟಿಗಾದರೂ ಅರ್ಜಿ ತುಂಬಿಸಿದ್ದರೆ ಎಷ್ಟು ದೊಡ್ಡ ಕೆಲಸವಾಗುತ್ತಿತ್ತು! ಅದಕ್ಕೆ ಸಭಾಗೃಹ ಬೇಡ, ಶಾಲು ಬೇಡ, ಓದು ಬರಹ ಬಲ್ಲ ನಾಲ್ಕು ಹುಡುಗರು ಸಾಕು. ಇದನ್ನು ಚುನಾವಣೆ ಮುಗಿದ ಮೇಲೂ ಮಾಡಬಹುದು, ಮಾಡಲೇಬೇಕು.

ಬೆಸ್ಟ್ ಬಸ್ಸಿನ ವಿಷಯವೂ ಈ ಜನರದ್ದೇ. 2025ರ ಮೇಯಲ್ಲಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 5ರಿಂದ 10 ರೂಪಾಯಿಗೆ, ಎ.ಸಿ. ಬಸ್ಸಿನದು 6ರಿಂದ 12ಕ್ಕೆ ಏರಿತು. ಒಂದೇ ಏಟಿಗೆ ದುಪ್ಪಟ್ಟು, ಚರ್ಚಿಸಲು ಚುನಾಯಿತ ಸಮಿತಿ ಇಲ್ಲ. ಬೆಸ್ಟಿನ ಸ್ವಂತ ಬಸ್ಸುಗಳು ಕರಗಿ ಗುತ್ತಿಗೆ ಬಸ್ಸುಗಳು ಹೆಚ್ಚಿದವು. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದ ಬರ್ವೆ ರಸ್ತೆಯಲ್ಲಿ ಅಂಥ ಒಂದು ಬಸ್ಸು ಜನರ ಮೇಲೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನಿಮ್ಮ ವೇದಿಕೆಗೆ ಬರುವ ಅಭ್ಯರ್ಥಿ ಬೆಸ್ಟಿನ ಬಗ್ಗೆ ಏನು ಹೇಳುತ್ತಾನೆ ಎಂದು ಕೇಳಿದವರು ಯಾರಿದ್ದೀರಿ?

ಇತ್ತೀಚೆಗೆ ಒಂದು ಸಭಾಗೃಹದಲ್ಲಿ ನಾನೇ ಕುಳಿತಿದ್ದೆ. ಅಭ್ಯರ್ಥಿ ಬಂದರು, "ಎಲ್ಲರಿಗೂ ನಮಸ್ಕಾರ" ಎಂದು ಕನ್ನಡದಲ್ಲಿ ಹೇಳಿದರು, ಚಪ್ಪಾಳೆ ಬಿತ್ತು. ಅಧ್ಯಕ್ಷರು ಎದ್ದು, ಈ ವಾರ್ಡಿನಲ್ಲಿ ನಮ್ಮ ಹತ್ತು ಸಾವಿರ ಮತಗಳಿವೆ, ಎಲ್ಲವೂ ನಿಮಗೆ ಎಂದರು. ಮುಂಬಯಿಯ ಒಂದು ವಾರ್ಡಿನಲ್ಲಿ ಸರಾಸರಿ ಮತದಾರರೇ 45 ಸಾವಿರದ ಆಸುಪಾಸು. ಹತ್ತು ಸಾವಿರದ ಲೆಕ್ಕ ಎಲ್ಲಿಂದ ಬಂತೋ ತಿಳಿಯದು, ಅಭ್ಯರ್ಥಿಯೂ ನಂಬಿದಂತೆ ಕಾಣಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗಿ ಕೈ ಎತ್ತಿ ತಮ್ಮ ರಸ್ತೆಯ ಕಾಂಕ್ರೀಟ್ ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳಿದಳು. "ಪ್ರಶ್ನೋತ್ತರಕ್ಕೆ ಸಮಯವಿಲ್ಲಮ್ಮ, ಊಟ ತಯಾರಿದೆ" ಎಂದು ನಿರೂಪಕರು ಅವಳನ್ನು ಕೂರಿಸಿದರು. ಅವಳಿಗೆ ಇದು ಮೊದಲ ಪಾಲಿಕೆ ಚುನಾವಣೆ. 2017ರಲ್ಲಿ ಅವಳು ಪ್ರಾಥಮಿಕ ಶಾಲೆಯಲ್ಲಿದ್ದಳು. ಅವಳ ಮತವನ್ನೂ ಸೇರಿಸಿ ಆ ಹತ್ತು ಸಾವಿರವನ್ನು ದಾನ ಕೊಟ್ಟಾಗಿತ್ತು. ನನಗೆ ಅಂದು ತುಂಬ ನೋವಾಯಿತು.

ಒಂದೊಂದು ಮತಕ್ಕೂ ಎಷ್ಟು ಬೆಲೆಯಿದೆ ಎಂಬುದಕ್ಕೆ ಈ ನಗರದಲ್ಲೇ ಸಾಕ್ಷಿಯಿದೆ. 2017ರಲ್ಲಿ ಗಿರ್‌ಗಾಂವ್ ಕಡೆಯ 220ನೇ ವಾರ್ಡಿನಲ್ಲಿ ಬಿಜೆಪಿ ಮತ್ತು ಶಿವಸೇನೆಯ ಅಭ್ಯರ್ಥಿಗಳಿಗೆ ಸರಿಸಮ ಮತ ಬಿದ್ದು, ಕೊನೆಗೆ ಚೀಟಿ ಎತ್ತಿ ಗೆದ್ದವರನ್ನು ನಿರ್ಧರಿಸಬೇಕಾಯಿತು. ಒಬ್ಬನೇ ಒಬ್ಬ ಮತದಾರ ಮನೆಯಿಂದ ಹೊರಬಿದ್ದಿದ್ದರೆ ಚೀಟಿ ಬೇಕಾಗುತ್ತಿರಲಿಲ್ಲ. ಆ ಸಲ ಮತದಾನ ಶೇಕಡಾ 55ರ ಆಸುಪಾಸು, ಅದನ್ನೇ ಭಾರೀ ಎಂದು ಹೊಗಳಿದರು. ಪಕ್ಕದ ಕಲ್ಯಾಣ-ಡೊಂಬಿವಲಿಯಲ್ಲಿ ಈ ಸಲ ಮತದಾನಕ್ಕೆ ಮೊದಲೇ ಹಲವರು ಅವಿರೋಧವಾಗಿ ಗೆದ್ದುಬಿಟ್ಟಿದ್ದಾರೆ. ಅಲ್ಲಿನ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಆ ಸ್ಥಾನಕ್ಕೆ ಮತ ಹಾಕುವ ಅವಕಾಶವೇ ಹೋಯಿತು. ಮುಂಬಯಿಯಲ್ಲಿ ಇನ್ನೂ ಆ ಅವಕಾಶ ಕೈಯಲ್ಲಿದೆ. ಪುಣೆ, ಠಾಣೆಗಳಂತೆ ಇಲ್ಲಿ ನಾಲ್ವರ ಪ್ಯಾನೆಲ್ ಇಲ್ಲ. ಒಂದು ವಾರ್ಡು, ಒಂದು ಮತ, ಒಬ್ಬ ನಗರಸೇವಕ ಅಥವಾ ನಗರಸೇವಕಿ. 227ರಲ್ಲಿ 114 ಸ್ಥಾನ ಮಹಿಳೆಯರಿಗೆ ಮೀಸಲು. ಅಭ್ಯರ್ಥಿಯ ಬದಲು ಅವಳ ಗಂಡನೋ ಮಾವನೋ ನಿಮ್ಮ ವೇದಿಕೆಗೆ ಬಂದರೆ, ದಯವಿಟ್ಟು ಅವರಿಗೆ ಶಾಲು ಹಾಕಬೇಡಿ. ಅಭ್ಯರ್ಥಿಯೇ ಬರಲಿ ಎಂದು ಹೇಳಿಕಳಿಸಿ.

ನಾನು ಕೇಳುವುದು ಇಷ್ಟು. ನಿಮ್ಮ ಸಭಾಗೃಹವನ್ನು ಒಂದು ಸಂಜೆ ತೆರೆಯಿರಿ, ಆ ವಾರ್ಡಿನ ಎಲ್ಲ ಅಭ್ಯರ್ಥಿಗಳನ್ನೂ ಕರೆಯಿರಿ, ಒಬ್ಬರನ್ನೇ ಕರೆಯಬೇಡಿ. ಮರಾಠಿ ನೆರೆಯವರಿಗೂ ಉತ್ತರ ಭಾರತದವರಿಗೂ ಬಾಗಿಲು ತೆರೆದಿರಲಿ, ಗಟಾರ ಎಲ್ಲರದೂ ಒಂದೇ. ನಾಕಾದ ಜನ ಬರಬೇಕಾದರೆ ಸಂಜೆ ಏಳರ ಮೇಲೆ ಇಡಿ. ಸನ್ಮಾನ ಬೇಡ. ಮೊದಲ ಪ್ರಶ್ನೆಯನ್ನು ನೀವೇ ಕೇಳಿ: ನಾಲ್ಕು ವರ್ಷ ಈ ನಗರಕ್ಕೆ ಪ್ರತಿನಿಧಿಗಳಿಲ್ಲದಂತೆ ಆದದ್ದರಲ್ಲಿ ನಿಮ್ಮ ಪಕ್ಷದ ಪಾಲೇನು, 2031ರಲ್ಲಿ ಹೀಗಾಗದಂತೆ ಏನು ಮಾಡುತ್ತೀರಿ? ಆಮೇಲೆ ಮೈಕನ್ನು ಕೂತವರಿಗೆ ಕೊಡಿ. ಉತ್ತರಗಳನ್ನು ಬರೆದುಕೊಳ್ಳಿ, ಅಭ್ಯರ್ಥಿಯ ಸಹಿ ಹಾಕಿಸಿ, ನೋಟಿಸ್ ಬೋರ್ಡಿಗೆ ಅಂಟಿಸಿ. ಗೆದ್ದವರ ಹಾಳೆಯನ್ನು ಮುಂದಿನ ಐದು ವರ್ಷ ಅಲ್ಲಿಂದ ತೆಗೆಯಬೇಡಿ. ಸದಸ್ಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಂಬಲದ ಪೋಸ್ಟರ್ ಹಾಕುವ ಬದಲು ಆ ಹಾಳೆಗಳ ಫೋಟೋ ಹಾಕಿ. ಯಾರಿಗೆ ಮತ ಎಂದು ನಾವು ನೋಡಿಕೊಳ್ಳುತ್ತೇವೆ.

14ಕ್ಕೆ ಸಂಕ್ರಾಂತಿ, ಮರುದಿನ ಮತದಾನ. ರಜೆ ಜೋಡಿಸಿಕೊಂಡು ಊರಿಗೆ ಹೊರಡುವವರು ನಮ್ಮಲ್ಲಿ ಬಹಳ. ಹೋಟೆಲ್ ಮಾಲೀಕರಲ್ಲಿ ಪ್ರತ್ಯೇಕವಾಗಿ ಒಂದು ಮಾತು: ಅಂದು ಬೆಳಿಗ್ಗೆ ಏಳೂವರೆಯಿಂದ ಸಂಜೆ ಐದೂವರೆಯವರೆಗೆ ಮತದಾನ. ಮುಂಬಯಿ ಪಟ್ಟಿಯಲ್ಲಿ ಹೆಸರಿರುವ ನಿಮ್ಮ ಕೆಲಸದ ಹುಡುಗರನ್ನು ಪಾಳಿ ಹಾಕಿ ಮತಗಟ್ಟೆಗೆ ಕಳಿಸಿ, ಆ ಹೊತ್ತಿನ ಸಂಬಳ ಹಿಡಿಯಬೇಡಿ, ಯಾರಿಗೆ ಹಾಕಿದೆ ಎಂದು ಕೇಳಬೇಡಿ.

ಇತಿ,
ನಿಮ್ಮಲ್ಲೇ ಒಂದು ಸಂಘದ ಆಜೀವ ಸದಸ್ಯೆ
ಮುಂಬಯಿ, 4 ಜನವರಿ 2026